ಪೆಡಲ್ ಒತ್ತದ ಕಾಲು

ಬೋಫೋರ್ಸ್ ಎಂದರೆ ನಮ್ಮ ಊರಿನವರಿಗೆ ಹಗರಣವೇ ನೆನಪಾಗುತ್ತದೆ. ಹಗರಣವಾದದ್ದು ಎಂಬತ್ತರ ದಶಕದಲ್ಲಿ ಬಂದ 155 ಮಿಲಿಮೀಟರಿನ ಹೊವಿಟ್ಜರ್ ಫಿರಂಗಿಯದು. ನಾನು ಹೇಳುತ್ತಿರುವುದು ಅದೇ ಸ್ವೀಡನ್ ಕಂಪನಿ ಎರಡನೇ ಮಹಾಯುದ್ಧಕ್ಕೂ ಮೊದಲೇ ರೂಪಿಸಿದ 40 ಮಿಲಿಮೀಟರಿನ ವಿಮಾನ ನಿರೋಧಕ ಗನ್, ಎಲ್-60. 1971ರ ಡಿಸೆಂಬರಿನಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಅಂಚಿನಲ್ಲಿ, ಮರಳು ಮೂಟೆಗಳ ನಡುವೆ, ನಾನು ಅಂಥದ್ದೊಂದರ ಮೇಲೆ ನಿಂತಿದ್ದೆ. ಗುಂಡು ತುಂಬುವುದು ನನ್ನ ಕೆಲಸ. ಒತ್ತಿದರೆ ಗುಂಡು ಹಾರುವ ಪೆಡಲ್ ಕೂಡ ನನ್ನ ಕಾಲ ಬಳಿಯೇ ಇತ್ತು.

ಒಂದು ಕ್ಲಿಪ್ಪಿಗೆ ನಾಲ್ಕು ಗುಂಡು, ಒಂದೊಂದೂ ಎರಡು ಕಿಲೋ ದಾಟುತ್ತದೆ. ಈ ಗನ್ ನಿಮಿಷಕ್ಕೆ 120 ಗುಂಡು ಹಾರಿಸುತ್ತದೆ, ಅಂದರೆ ಎರಡು ಸೆಕೆಂಡಿಗೊಂದು ಕ್ಲಿಪ್ ಅದರ ಬಾಯಿಗೆ ಬೀಳಬೇಕು. ಕುಳಿತಿದ್ದ ಇಬ್ಬರು ಹಿಡಿಕೆ ತಿರುಗಿಸುತ್ತಿದ್ದರು: ಒಬ್ಬ ಗನ್ನನ್ನು ಎಡಬಲಕ್ಕೆ, ಇನ್ನೊಬ್ಬ ಮೇಲೆ ಕೆಳಗೆ. ಅವರಿಬ್ಬರಲ್ಲಿ ಹೊಂದಿಕೆ ತಪ್ಪಿದರೆ ಜೋಡಿ ಕೂಡದ ಎತ್ತುಗಳ ಉಳುಮೆಯಂತೆ ಸಾಲೆಲ್ಲ ಸೊಟ್ಟ.

ವಿಮಾನಕ್ಕೇ ಗುರಿ ಇಟ್ಟರೆ ಗುಂಡು ಅದರ ಹಿಂದೆ ಹೋಗುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ, ನಮ್ಮ ಗುಂಡು ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ, 300 ಮೀಟರ್ ಮುಂದೆ ಸಾಗಿರುತ್ತದೆ. ಓಡುವ ಮೊಲಕ್ಕೆ ಕಲ್ಲೆಸೆದವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಮೇಲಾಗಿ ನಮ್ಮ ಗುಂಡು ತಾಗಿದರಷ್ಟೇ ಸಿಡಿಯುತ್ತಿತ್ತು. ಹತ್ತಿರ ಹೋದದ್ದಕ್ಕೆ ಬೆಲೆಯಿಲ್ಲ. ಆದರೂ ಎದುರಿಗೆ ಗುಂಡುಗಳು ಎಳೆಯುವ ಕೆಂಪು ಗೆರೆಗಳು ಏಳುತ್ತಿದ್ದರೆ ಯಾವ ಪೈಲಟ್ಟೂ ನಿರಾಳವಾಗಿ ಬಾಂಬು ಹಾಕಲಾರ.

1965ರ ಸೆಪ್ಟೆಂಬರ್ 6ರಂದು ಇದೇ ನೆಲೆಯಲ್ಲಿ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳು ನೆಲದ ಮೇಲಿದ್ದ ಸುಮಾರು ಹತ್ತು ವಿಮಾನಗಳನ್ನು ಸುಟ್ಟಿದ್ದವು. ನಮ್ಮ ಕಾಲಕ್ಕೆ ವಿಮಾನಗಳಿಗೆ ಗಟ್ಟಿ ಗೂಡುಗಳು ಬಂದಿದ್ದವು. ಡಿಸೆಂಬರ್ 3ರ ಸಂಜೆ ದಾಳಿಯಾದಾಗ ನಾವೂ ಹಾರಿಸಿದೆವು. ಯಾವುದಕ್ಕೆ ತಾಗಿತು ಎಂದು ಕೇಳಬೇಡಿ. ಕತ್ತಲಾಗುತ್ತಿತ್ತು, ಕಿವಿ ಕೇಳಿಸುತ್ತಿರಲಿಲ್ಲ.

ನಿಜವಾದ ಕಷ್ಟ ಹಗಲಿನದು. ನಮ್ಮ ಹಂಟರ್ ಯುದ್ಧವಿಮಾನಗಳು ಅಲ್ಲಿಂದಲೇ ಹಾರಿ ಅಲ್ಲಿಗೇ ಮರಳುತ್ತಿದ್ದವು. ಹಂಟರ್‌ಗೂ ಸೇಬರ್‌ಗೂ ಹಿಂದಕ್ಕೆ ಬಾಗಿದ ರೆಕ್ಕೆ. ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಸೇಬರ್‌ನ ಮೂಗು ಬಾಯ್ದೆರೆದ ಕೊಳವೆ. ಹಂಟರ್‌ನ ಮೂಗು ಚೂಪು, ಗಾಳಿ ಹೋಗುವ ಬಾಯಿ ರೆಕ್ಕೆಯ ಬುಡದಲ್ಲಿದೆ. ನೆರಳುಚಿತ್ರಗಳ ಕಾರ್ಡು ಹಿಡಿದು ತಿಂಗಳುಗಟ್ಟಲೆ ಇದನ್ನು ಬಾಯಿಪಾಠ ಮಾಡಿದ್ದೆವು. ಆದರೆ ಕಾರ್ಡಿನ ವಿಮಾನ ಅಲುಗಾಡುವುದಿಲ್ಲ.

ಮರಳುವ ವಿಮಾನಗಳಿಗೆ ಇಂಥ ದಿಕ್ಕು, ಇಂಥ ಎತ್ತರ ಎಂದು ಗೊತ್ತುಪಡಿಸಿರುತ್ತಿದ್ದರು. ಒಂದು ಬೆಳಿಗ್ಗೆ ಮಂಜಿನ ನಡುವೆ ಒಂಟಿ ವಿಮಾನವೊಂದು ತಪ್ಪು ದಿಕ್ಕಿನಿಂದ, ಮರಗಳ ಎತ್ತರದಲ್ಲಿ ನೇರ ನಮ್ಮ ಕಡೆಗೇ ಬಂತು. ಎದುರಿನಿಂದ ರೆಕ್ಕೆಗಳು ಗೆರೆಯಷ್ಟು ತೆಳ್ಳಗೆ. ಬ್ಯಾರೆಲ್ ಆಗಲೇ ಅತ್ತ ತಿರುಗಿತ್ತು, ನನ್ನ ಬೂಟು ಪೆಡಲನ್ನು ಮುಟ್ಟಿತ್ತು. ಹವಾಲ್ದಾರರು "ರುಕೋ!" ಎಂದು ಕೂಗಿದರು. ಬರುವವನು ಶತ್ರುವಾಗಿದ್ದರೆ ಆ ಎರಡು ಸೆಕೆಂಡಿನಲ್ಲಿ ನಮ್ಮ ಕಥೆ ಮುಗಿಯುತ್ತಿತ್ತು. ಅದು ಸ್ವಲ್ಪ ವಾಲಿದಾಗ ಚೂಪು ಮೂಗು ಕಂಡಿತು, ಆಮೇಲೆ ಚಕ್ರಗಳು ಇಳಿದವು.

ಆ ಹಂಟರ್ ರನ್‌ವೇಯ ಕೊನೆ ಮುಟ್ಟುವವರೆಗೂ ನಾನು ಕಾಲನ್ನು ಕೆಳಗಿಡಲಿಲ್ಲ. ಹವಾಲ್ದಾರರು ಬೆನ್ನಿಗೊಂದು ಗುದ್ದು ಕೊಟ್ಟು, ಒಂದು ಗುಂಡೂ ಹಾರಿಸದ ಬ್ಯಾರೆಲ್ಲನ್ನು ಒರೆಸಲು ಹೇಳಿದರು.