ಎಂಡ್ ಝೋನ್ ಫಂಬಲ್ ನಿಯಮ ಬದಲಾಗಬೇಕಾ? ನೀವೇ ತೀರ್ಮಾನಿಸುವುದು ಹೀಗೆ

ಮೊದಲು ನಿಯಮ ಏನು ಹೇಳುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಿ, ಜಗಳ ಆಮೇಲೆ. ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಎನ್‌ಎಫ್‌ಎಲ್‌ನಲ್ಲಿ ಓಡುವವನ ಕೈಯಿಂದ ಚೆಂಡು ಜಾರಿ (ಇದೇ ಫಂಬಲ್) ಪಕ್ಕದ ಗೆರೆ ದಾಟಿದರೆ ಅದು ಅವನ ತಂಡಕ್ಕೇ ಉಳಿಯುತ್ತದೆ. ಮುಂದಕ್ಕೆ ಉರುಳಿದ್ದರೆ ಜಾರಿದ ಜಾಗಕ್ಕೇ ವಾಪಸ್ ತರುತ್ತಾರೆ, ಅಷ್ಟೇ. ಆದರೆ ಅದೇ ಚೆಂಡು ಇನ್ನೊಂದು ಅಡಿ ಮುಂದೆ ಹೋಗಿ, ಎದುರಾಳಿಯ ಎಂಡ್ ಝೋನ್ (ಮೈದಾನದ ತುದಿಯಲ್ಲಿ ಅಂಕ ಗಳಿಸುವ ಜಾಗ) ಮೂಲಕ ಹೊರಗೆ ಬಿದ್ದರೆ, ಅಥವಾ ಮೂಲೆಯಲ್ಲಿರುವ ಕಿತ್ತಳೆ ಬಣ್ಣದ ಪೈಲಾನ್‌ಗೆ ತಗುಲಿದರೂ ಸಾಕು, ಟಚ್‌ಬ್ಯಾಕ್. ಚೆಂಡು ಎದುರಾಳಿಗೆ, ಅವರ 20 ಯಾರ್ಡ್ ಗೆರೆಯಲ್ಲಿ. ಅದನ್ನು ಅವರು ಹಿಡಿದೇ ಇರುವುದಿಲ್ಲ!

ಆಮೇಲೆ ಎರಡು ವಿಡಿಯೊಗಳನ್ನು ಒಂದರ ಹಿಂದೆ ಒಂದು ನೋಡಿ. 2021ರ ಜನವರಿಯ ಪ್ಲೇಆಫ್‌ನಲ್ಲಿ ಬ್ರೌನ್ಸ್ ತಂಡದ ರಶಾರ್ಡ್ ಹಿಗ್ಗಿನ್ಸ್ ಗೋಲ್ ಲೈನ್ (ಎಂಡ್ ಝೋನ್ ಶುರುವಾಗುವ ಗೆರೆ) ಹತ್ತಿರ ಚೆಂಡು ಬಿಟ್ಟರು, ಅದು ಎಂಡ್ ಝೋನ್ ಮೂಲಕ ಹೊರಗೆ ಹೋಯಿತು. ಲಾಭ ಎದುರಾಳಿ ಚೀಫ್ಸ್ ತಂಡಕ್ಕೆ, ಪಂದ್ಯವೂ 22–17ರಲ್ಲಿ ಅವರದೇ. 2024ರ ಜನವರಿಯಲ್ಲಿ ಬಿಲ್ಸ್ ವಿರುದ್ಧ ಅದೇ ಚೀಫ್ಸ್‌ನ ಮಿಕೋಲ್ ಹಾರ್ಡ್‌ಮನ್‌ಗೂ ಹಾಗೇ ಆಯಿತು. ಎರಡನ್ನೂ ನೋಡುವಾಗ ನಿಮಗೆ ಒಂದೇ ಥರ ಅನ್ನಿಸಿತಾ? ಇಲ್ಲ ಅಂದರೆ ಮಾತಾಡುತ್ತಿರುವುದು ತಂಡದ ಮೇಲಿನ ಪ್ರೀತಿ, ಅಲ್ವಾ?

ಈಗ ನಿಯಮದ ಪರ ಇರುವವರ ಮಾತು ಕೇಳಿ, ಸುಮ್ನೆ ತಳ್ಳಿಹಾಕಬೇಡಿ. ಎಂಡ್ ಝೋನ್ ಕಾಯುವ ತಂಡದ ಮನೆ, ಅಲ್ಲಿಗೆ ಚೆಂಡನ್ನು ಬಿಟ್ಟವರು ಬೆಲೆ ತೆರಬೇಕು ಅನ್ನುತ್ತಾರೆ. ಪಂಟ್ ಮಾಡಿದ, ಅಂದರೆ ಎದುರಾಳಿಯ ಕಡೆಗೆ ದೂರ ಒದ್ದ ಚೆಂಡು ಅಲ್ಲಿಂದ ಹೊರಹೋದರೂ ಟಚ್‌ಬ್ಯಾಕೇ. ಶಿಕ್ಷೆ ಇಲ್ಲದಿದ್ದರೆ ಪ್ರತಿಯೊಬ್ಬನೂ ಒಂದೇ ಕೈಯಲ್ಲಿ ಚೆಂಡನ್ನು ಪೈಲಾನ್ ಕಡೆ ಚಾಚುತ್ತಾನೆ. ಇದರಲ್ಲಿ ನಿಜ ಇದೆ.

ಆದರೂ ನನ್ನ ಪ್ರಕಾರ ಬದಲಾಗಲೇಬೇಕು. ತಪ್ಪಿಗೆ ಶಿಕ್ಷೆ ಇರಲಿ, ಆದರೆ ಒಂದು ಅಡಿ ವ್ಯತ್ಯಾಸಕ್ಕೆ ಚೆಂಡೇ ಹೋಗುವುದು ತುಂಬಾ ಜಾಸ್ತಿ. ಚೆಂಡು ಅದೇ ತಂಡಕ್ಕೆ ಇರಲಿ, 20 ಯಾರ್ಡ್ ಗೆರೆಗೆ ಹಿಂದೆ ಕಳಿಸಿ, ಆ ಡೌನ್ (ಚೆಂಡು ಮುಂದೆ ಒಯ್ಯಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು) ಕೂಡ ಲೆಕ್ಕಕ್ಕೆ ಬರಲಿ. ನಾಲ್ಕನೇ ಡೌನ್ ಆಗಿದ್ದರೆ ಹೇಗೂ ಚೆಂಡು ಎದುರಾಳಿಗೇ ಹೋಗುತ್ತದೆ.

ನೀವೂ ಹೀಗೆ ಒಂದು ಬದಲಿ ನಿಯಮ ಬರೆದು, ಆ ಎರಡು ವಿಡಿಯೊಗಳಿಗೂ ಹಚ್ಚಿ ನೋಡಿ. ಬರೀ ಅನ್ಯಾಯ ಅಂತ ಕೂಗಿದರೆ ಆಗುವುದಿಲ್ಲ, ಯಾಕೆಂದರೆ ಬದಲಾವಣೆಗೆ 32 ತಂಡಗಳಲ್ಲಿ 24ರ ಮತ ಬೇಕು. ಫಂಬಲ್ ನಿಯಮ ಹಿಂದೆ ಬದಲಾಗಿದೆ: 1978ರಲ್ಲಿ ರೇಡರ್ಸ್ ತಂಡ ಚೆಂಡನ್ನು ಮುಂದಕ್ಕೆ ಉರುಳಿಸುತ್ತಾ ಹೋಗಿ ಚಾರ್ಜರ್ಸ್ ವಿರುದ್ಧ ಗೆದ್ದಿದ್ದಕ್ಕೆ ಮರುವರ್ಷವೇ ತಿದ್ದಿದರು.