ಬೇಣದ ಮೇಲಿಂದ ಎಂ33 ಗ್ಯಾಲಕ್ಸಿ: ಮೂರು ಚಳಿಗಾಲದ ಲೆಕ್ಕ

"ಅಡಿಕೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಲು ಹೊರಟಿದ್ದೀಯ" ಅಂದಿದ್ದ ನನ್ನ ಭಾವ. ಅವನೂ ಟೆಲಿಸ್ಕೋಪ್ ಹುಚ್ಚನೇ, ಹಾಗಾಗಿ ಮಾತು ಸ್ವಲ್ಪ ಜಾಸ್ತಿಯೇ ಚುಚ್ಚಿತು. ನಾನು ಹೇಳಿದ್ದು ಇಷ್ಟೇ. ಶಿರಸಿ ಹತ್ತಿರದ ನಮ್ಮ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಎಂಟು ಇಂಚಿನ ಕನ್ನಡಿಯ ಟೆಲಿಸ್ಕೋಪ್ ಇಟ್ಟುಕೊಂಡು, ಒಂದು ಗ್ಯಾಲಕ್ಸಿಯೊಳಗೆ ನಕ್ಷತ್ರ ಹುಟ್ಟುವ ಜಾಗ ಕಾಲ ಕಳೆದಂತೆ ಎಲ್ಲಿಂದ ಎಲ್ಲಿಗೆ ಸರಿಯಿತು ಅಂತ ಅಳೆಯಬಹುದು. ಮೂರು ಚಳಿಗಾಲ ಹಿಡಿಯಿತು. ಆದರೆ ಆಯಿತು.

ಮೊದಲು ನಾನೂ ದೂರದ ಗ್ಯಾಲಕ್ಸಿಗಳ ಹಿಂದೆಯೇ ಬಿದ್ದಿದ್ದೆ, ದೂರ ನೋಡಿದಷ್ಟೂ ಕಾಣುವುದು ಹಿಂದಿನ ಕಾಲ ತಾನೆ. ನಿಮಗೆ ಗೊತ್ತಿದ್ದದ್ದೇ, ಸುಮಾರು 1000 ಕೋಟಿ ವರ್ಷ ಹಿಂದೆ ವಿಶ್ವದಲ್ಲಿ ನಕ್ಷತ್ರಗಳು ಹುಟ್ಟುವ ಭರಾಟೆ ತುದಿ ಮುಟ್ಟಿತ್ತು, ಈಗ ಹೆಚ್ಚುಕಡಿಮೆ ಅದರ ಹತ್ತರಲ್ಲಿ ಒಂದು ಪಾಲು. ಆ ಇಳಿಜಾರನ್ನು ನಾನೇ ಬಿಡಿಸಬೇಕು ಅಂತ ಸ್ಲೋನ್ ಅನ್ನುವ ಆಕಾಶ ಸಮೀಕ್ಷೆಯ ರೋಹಿತಗಳನ್ನು (ಬೆಳಕನ್ನು ಬಣ್ಣವಾರು ಬಿಡಿಸಿದ ದಾಖಲೆ) ಇಳಿಸಿಕೊಂಡೆ, ಬಿಟ್ಟಿ ಸಿಗುತ್ತವಲ್ಲ. ಮೂರೋ ನಾಲ್ಕೋ ಸಾವಿರ ಇರಬೇಕು. ಒಂದು ಮಳೆಗಾಲ ಪೂರ್ತಿ ಕೂತು ಎಚ್ ಆಲ್ಫಾ ಗೆರೆ, ಅಂದರೆ ಹೊಸ ನಕ್ಷತ್ರಗಳ ಸುತ್ತ ಹೈಡ್ರೋಜನ್ ಸೂಸುವ ಕೆಂಪು ಬೆಳಕು, ಅಳೆದೆ. ಗ್ರಾಫ್ ದೂರ ಹೋದಂತೆ ಚೆಂದವಾಗಿ ಏರಿತು. ಭಾವನಿಗೆ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: "ದೂರದ ಮಂಕು ಗ್ಯಾಲಕ್ಸಿಗಳು ಎಲ್ಲಿ?" ಸರಿಯೇ, ದೂರದವುಗಳಲ್ಲಿ ಪ್ರಖರವಾದವು ಮಾತ್ರ ಕಣ್ಣಿಗೆ ಬಿದ್ದಿದ್ದವು, ನಾನು ಅದನ್ನೇ ಚರಿತ್ರೆ ಅಂದುಕೊಂಡಿದ್ದೆ. ಹತ್ತಿರದವುಗಳ ಕಥೆ ಇನ್ನೊಂದು. ಬೆಳಕು ಹಿಡಿಯುವ ಹಳೆಯ ಸ್ಲೋನ್ ಫೈಬರ್ (ಗಾಜಿನ ಎಳೆ) ಆಕಾಶದಲ್ಲಿ ಬರೀ 3 ಆರ್ಕ್‌ಸೆಕೆಂಡಿನದು (ಡಿಗ್ರಿಯ 1200ರಲ್ಲಿ ಒಂದು ಪಾಲು), ಅದು ನೋಡುವುದು ನಡುವಿನ ಗುಂಜು ಮಾತ್ರ. ಆ ಮಳೆಗಾಲ ನೀರಿಗೆ ಹೋಯಿತು.

ಆಗ ಹೊಳೆದದ್ದು, ದೂರ ಯಾಕೆ ಹೋಗಬೇಕು ಅಂತ. ಎಚ್ ಆಲ್ಫಾ ಬೆಳಕು ಹೇಳುವುದು ಹೆಚ್ಚೆಂದರೆ ಕಳೆದ ಒಂದು ಕೋಟಿ ವರ್ಷದ ಹುಟ್ಟು. ಸಾದಾ ಕೆಂಪು ಬೆಳಕಿನಲ್ಲಿ ಹಳೆಯ ನಕ್ಷತ್ರಗಳ ರಾಶಿ. ನಡುವಿನಿಂದ ಅಂಚಿನವರೆಗೆ ಬಳೆ ಬಳೆಯಾಗಿ ಎರಡನ್ನೂ ಅಳೆದು ಭಾಗಿಸಿದರೆ, ಯಾವ ಬಳೆ ಹಳೆಯದು, ಯಾವುದು ಇನ್ನೂ ಬೆಳೆಯುತ್ತಿದೆ ಅಂತ ಗೊತ್ತಾಗಲೇಬೇಕು. ಎಂ33 ಆರಿಸಿಕೊಂಡೆ. ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರ, ನವೆಂಬರ್ ಡಿಸೆಂಬರಿನಲ್ಲಿ ನೆತ್ತಿಯ ಹತ್ತಿರ ಬರುತ್ತದೆ. ನಮ್ಮಲ್ಲಿ ಕೊನೆ ಕೊಯ್ಲೂ ಅದೇ ಹೊತ್ತಿಗೆ! ಹಗಲು ತೋಟ, ರಾತ್ರಿ ಬೇಣ. "ಒಂದಿನ ಅಡಿಕೆ ಸುಲೀತಾ ಸುಲೀತಾ ನಿದ್ದೆ ಹೋಗಿ ಮೆಟ್ಟುಗತ್ತಿ ಮೇಲೆ ಬೀಳ್ತೆ ನೀನು" ಅಂತ ಆಯಿ ಬೈಯುತ್ತಿದ್ದಳು.

ದುಡ್ಡಿನ ವಿಷಯ. ಹಳೆಯ ಕಪ್ಪುಬಿಳುಪು (ಮೋನೋ) ಕ್ಯಾಮೆರಾ 70 ಸಾವಿರದ ಹತ್ತಿರ, ಎಚ್ ಆಲ್ಫಾ ಸುತ್ತಲಿನ 7 ನ್ಯಾನೋಮೀಟರ್ ಬೆಳಕು ಮಾತ್ರ ಬಿಡುವ ಫಿಲ್ಟರ್ 18 ಸಾವಿರ ಇರಬೇಕು. ಆಗಿನ ರೇಟಿಗೆ ಎರಡು ಕ್ವಿಂಟಲ್ ಚಾಲಿ ಅಡಿಕೆ ಚಿಲ್ಲರೆ ಅಂತಿಟ್ಟುಕೊಳ್ಳಿ. ನಷ್ಟದ ಲೆಕ್ಕ ಬೇರೆ. ಮಳೆಗಾಲಕ್ಕೆ ಬೆಚ್ಚಗಿರಲಿ ಅಂತ ಲೆನ್ಸುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಬೂಸ್ಟು ಬರಲಿಲ್ಲ, ನಿಜ. ಹೊಗೆ ಕೂತು ಜಿಡ್ಡು ಹಿಡಿದು 14 ಸಾವಿರದ ಕರೆಕ್ಟರ್ ಲೆನ್ಸ್ ಹಾಳಾಯಿತು. ಈಗ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ಬಲ್ಬ್, ಅಷ್ಟೇ.

ಎರಡನೇ ಚಳಿಗಾಲದಲ್ಲಿ ಉತ್ತರ ಬಂದೇಬಿಟ್ಟಿತು ಅಂದುಕೊಂಡೆ. ಹೊರಗೆ ಹೋದಂತೆ ಹುಟ್ಟು ಕಮ್ಮಿ! ಗ್ಯಾಲಕ್ಸಿ ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ ಅಂತ ಓದಿದ್ದಕ್ಕೆಲ್ಲ ಉಲ್ಟಾ. ಎರಡು ದಿನ ಹೊಸದೇನೋ ಕಂಡುಹಿಡಿದೆ ಅಂತ ಎದೆ ಉಬ್ಬಿಸಿಕೊಂಡು ಓಡಾಡಿದೆ. ಆಮೇಲೆ ನೋಡಿದರೆ ಸೋಮಾರಿತನದ ಫಲ. ಕೆಂಪು ಫಿಲ್ಟರ್ ಭಾವನದು, ಎರಡು ಇಂಚಿನದು. ನನ್ನ ಎಚ್ ಆಲ್ಫಾ ಒಂದೂಕಾಲು ಇಂಚಿನದು, ಅಂಚಿನಲ್ಲಿ ಬೆಳಕು ತಿನ್ನುತ್ತದೆ. ಇಂಥ ಮಂಕು ಅಂಚು ಸರಿಮಾಡಲು ಸಮನಾದ ಬೆಳಕಿನ ಒಂದು ಚಿತ್ರ ತೆಗೆದು ಅದರಿಂದ ಭಾಗಿಸುತ್ತಾರೆ, ಅದೇ ಫ್ಲ್ಯಾಟ್. ನಾನು ಕೆಂಪಿನ ಫ್ಲ್ಯಾಟನ್ನೇ ಎರಡಕ್ಕೂ ಹಾಕಿದ್ದೆ. ಅಳೆದದ್ದು ಗ್ಯಾಲಕ್ಸಿಯನ್ನಲ್ಲ, ನನ್ನ ಫಿಲ್ಟರಿನ ನೆರಳನ್ನು. ಅವತ್ತಿನಿಂದ ಅಪ್ಪಯ್ಯನ ಹಳೆಯ ಬಿಳಿ ಪಂಚೆ ನಾಲ್ಕು ಮಡಿಕೆ ಮಾಡಿ ಕೊಳವೆಯ ಬಾಯಿಗೆ ಕಟ್ಟಿ, ಮುಸ್ಸಂಜೆ ಹೊತ್ತಿಗೆ ಪ್ರತಿ ಫಿಲ್ಟರಿಗೂ ಬೇರೆ ಬೇರೆ ಫ್ಲ್ಯಾಟ್ ತೆಗೆಯುತ್ತೇನೆ, ಪ್ರತಿ ರಾತ್ರಿಯೂ.

ಇನ್ನು ಎಚ್ ಆಲ್ಫಾದಿಂದ ಕೆಂಪನ್ನು ಕಳೆಯುವ ಕೆಲಸ. ಎಚ್ ಆಲ್ಫಾ ಚಿತ್ರದಲ್ಲಿ ಸಾದಾ ನಕ್ಷತ್ರಬೆಳಕೂ ಸೇರಿರುತ್ತದೆ, ಕೆಂಪು ಚಿತ್ರವನ್ನು ಒಂದು ಗುಣಕದಿಂದ ಗುಣಿಸಿ ಅದನ್ನು ತೆಗೆಯಬೇಕು. ಗುಣಕ ಕೂದಲೆಳೆ ತಪ್ಪಿದರೂ ಚಿತ್ರದ ನಡುಭಾಗ ಕಪ್ಪು ತೂತಾಗುತ್ತದೆ. ಮುನ್ನೆಲೆಯ ನಕ್ಷತ್ರಗಳು ಮಾಯವಾಗುವಂತೆ ಗುಣಕ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸಾಲದು. ನಾನು ಯಾವ ನಕ್ಷತ್ರಗಳನ್ನು ಬಿಡುತ್ತೇನೆ, ಯಾವುದನ್ನು ಇಟ್ಟುಕೊಳ್ಳುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. 7 ನ್ಯಾನೋಮೀಟರಿನೊಳಗೆ ನೈಟ್ರೋಜನ್ ಗೆರೆಗಳೂ ನುಗ್ಗುತ್ತವೆ, ನಡುವೆ ಜಾಸ್ತಿ, ಅದನ್ನು ಅಂದಾಜಿನಲ್ಲಿ ಕಳೆದೆ. ಧೂಳು ಮುಚ್ಚಿದ್ದನ್ನು ಬಾಹ್ಯಾಕಾಶದ ಅವಕೆಂಪು ಟೆಲಿಸ್ಕೋಪ್ ಸ್ಪಿಟ್ಜರ್‌ನ 24 ಮೈಕ್ರಾನ್ ಚಿತ್ರ ನೋಡಿ ಕೂಡಿಸಿದೆ.

ಮೂರನೇ ಚಳಿಗಾಲ, ಎಚ್ ಆಲ್ಫಾ ಒಟ್ಟು 14 ಗಂಟೆ, ಕೆಂಪು ಮೂರು. ಹಳೆಯ ನಕ್ಷತ್ರಗಳಿಗೆ ಹೋಲಿಸಿದರೆ ಹೊಸ ಹುಟ್ಟು, ನಡುವಿಗಿಂತ 20 ಆರ್ಕ್‌ಮಿನಿಟ್ (ಡಿಗ್ರಿಯ ಮೂರನೇ ಒಂದು ಪಾಲು) ಹೊರಗೆ ಸುಮಾರು ಎರಡೂವರೆ ಪಟ್ಟು. ಅಂದರೆ ಒಳಗಿನ ಬಳೆ ಮೊದಲು ತುಂಬಿತು, ಹೊರಗಿನದು ಈಗಲೂ ತುಂಬುತ್ತಿದೆ. ಅದರಾಚೆ ನನ್ನ ಚಿತ್ರದಲ್ಲಿ ಬರೀ ಗದ್ದಲ, ಅಲ್ಲಿಯ ಬಗ್ಗೆ ನಾನು ಬಾಯಿ ಬಿಡುವುದಿಲ್ಲ.

ಅದೇ ಉತ್ಸಾಹದಲ್ಲಿ ಆಂಡ್ರೊಮಿಡಾವನ್ನೂ ಮುಟ್ಟಿದೆ. ನಡುವೆ ಎಚ್ ಆಲ್ಫಾ ಇಲ್ಲದ ಹಾಗೇ, ಹೊರಗೆ ಆ ಪ್ರಸಿದ್ಧ ಉಂಗುರ ಮಾತ್ರ. ಆದರೆ ಅದು ನನ್ನ ಚೌಕಟ್ಟಿಗೆ ದೊಡ್ಡದಾಯಿತು, ಆರು ತುಂಡು ಹೊಲಿಯುವಷ್ಟರಲ್ಲಿ ಬೇಜಾರು ಬಂತು. ನಾನು ಒಂದಕ್ಕೆ ಮಾಡಿದ್ದನ್ನು ಸುಮಾರು 10 ಸಾವಿರ ಗ್ಯಾಲಕ್ಸಿಗಳಿಗೆ ಸ್ಲೋನಿನವರೇ ಮಾಡಿದ್ದಾರೆ, ಸಮೀಕ್ಷೆಯ ಹೆಸರು ಮಂಗಾ. ನಮ್ಮೂರಲ್ಲಿ ಆ ಹೆಸರು ಹೇಳಿದರೆ ಕೋವಿ ಹುಡುಕುತ್ತಾರೆ, ಅದು ಬೇರೆ ಮಾತು.

ವಿಶ್ವದಲ್ಲಿ ನಕ್ಷತ್ರ ಹುಟ್ಟುವ ಭರಾಟೆ ಯಾಕೆ ಇಳಿಯಿತು ಅನ್ನುವುದಕ್ಕೆ ನನಗೆ ಹಿಡಿಸಿದ ಉತ್ತರ ಪುಣೆ ಹತ್ತಿರದ ರೇಡಿಯೋ ಟೆಲಿಸ್ಕೋಪ್ ಜಿಎಂಆರ್‌ಟಿಯದು, 2020ರದ್ದು. 7,653 ಗ್ಯಾಲಕ್ಸಿಗಳ ಮಂಕು ಸಂಕೇತವನ್ನು ಒಂದರ ಮೇಲೊಂದು ಪೇರಿಸಿ, ಸುಮಾರು 800 ಕೋಟಿ ವರ್ಷ ಹಿಂದಿನ ಹೈಡ್ರೋಜನ್ ತೂಗಿದರು. ಆ ವೇಗದಲ್ಲಿ ಉಂಡರೆ ಕಣಜದ ಭತ್ತ 100-200 ಕೋಟಿ ವರ್ಷಕ್ಕೆ ಖಾಲಿ. ಹೊರಗಿನಿಂದ ಸಾಕಷ್ಟು ಅನಿಲ ಬರಲಿಲ್ಲ, ಒಲೆ ತಣ್ಣಗಾಯಿತು. ಆ ಪೇರಿಸುವ ಉಪಾಯವನ್ನೇ ಕದ್ದು ನನ್ನ ಹಾಳಾದ ಸ್ಲೋನ್ ರೋಹಿತಗಳ ಮೇಲೆ ಹಾಕುತ್ತಿದ್ದೇನೆ, ಇನ್ನೂ ಏನೂ ಆಗಿಲ್ಲ.

ಮೊನ್ನೆ ಭಾವ ತಾನೂ ಒಂದು ಎಚ್ ಆಲ್ಫಾ ಫಿಲ್ಟರ್ ತರಿಸಿದ್ದಾನೆ, ಎರಡು ಇಂಚಿನದು. ಫೋನ್ ಮಾಡಿ ಅದೂ ಇದೂ ಮಾತಾಡಿ, ಕೊನೆಗೆ ಸುಮ್ನೆ ಕೇಳಿದ ಹಾಗೆ ಗುಣಕ ಎಷ್ಟಿಟ್ಟೆ ಅಂತ ಕೇಳಿದ. ಈ ಸಲ ಚಾಲಿಗೆ ರೇಟು ಚೆನ್ನಾಗಿದೆ ಭಾವ ಅಂದೆ.