ಕಾಂಗ್ ಯಾತ್ಸೆ ಚಳಿಗೆ ನಾನು ಬಟ್ಟೆ ಹೊಂದಿಸಿಕೊಂಡಿದ್ದು

ಲಡಾಖ್‌ನ ಕಾಂಗ್ ಯಾತ್ಸೆ-2 ಆರು ಸಾವಿರ ಮೀಟರ್ ದಾಟಿದ ಶಿಖರ. ಹಿಮ ಗಟ್ಟಿಯಿರುವಾಗಲೇ ಹತ್ತಬೇಕು ಅಂತ ನಡುರಾತ್ರಿಯ ಹೊತ್ತಿಗೆ ಹೊರಡುತ್ತಾರೆ. ಬೇಸ್ ಕ್ಯಾಂಪಿನಲ್ಲಿ ಅಭ್ಯಾಸ ಮಾಡುವಾಗಲೇ ನನ್ನ ಕಾಲ್ಬೆರಳು ಇವೆಯೋ ಇಲ್ಲವೋ ಅನ್ನುವಷ್ಟು ಜೋಮು ಹಿಡಿದವು.

ಬಾಡಿಗೆಗೆ ಸಿಕ್ಕ ಡಬಲ್ ಬೂಟು, ಅಂದ್ರೆ ಒಳಗೆ ಬಿಚ್ಚಿ ತೆಗೆಯಬಹುದಾದ ಬೆಚ್ಚನೆ ಪದರ ಇರುವ ಬೂಟು, ಬಿಗಿಯಾಗಿತ್ತು. ಬಿಗಿಯಾದರೆ ರಕ್ತ ಸರಿಯಾಗಿ ಓಡಲ್ಲ, ಬೆಚ್ಚಗಿಡುವ ಗಾಳಿಗೂ ಒಳಗೆ ಜಾಗವಿಲ್ಲ. ತಂಡದಲ್ಲಿದ್ದ ಒಂದು ನಂಬರ್ ದೊಡ್ಡ ಜೋಡಿ ತಗೊಂಡೆ. ಒಳಗೆ ತೆಳು ಕಾಲುಚೀಲ, ಮೇಲೆ ಒಂದೇ ಒಂದು ದಪ್ಪ ಉಣ್ಣೆಯದು. ಬೆರಳು ಆರಾಮಾಗಿ ಅಲ್ಲಾಡಿದವು.

ಇನ್ನೊಂದು ತಲೆನೋವು ಬೆವರು. ಚಳಿಗಿಂತ ಇದೇ ಜಾಸ್ತಿ ಕಾಡುತ್ತೆ. ಹತ್ತುವಾಗ ಮೈಗಂಟಿದ ಉಣ್ಣೆ ಬನಿಯನ್, ಅದರ ಮೇಲೆ ಮೆತ್ತನೆ ಸಿಂಥೆಟಿಕ್ ಬಟ್ಟೆಯ ತೆಳು ಫ್ಲೀಸ್ ಅಂಗಿ, ಹೊರಗೆ ಗಾಳಿ ತಡೆಯೋ ಜಾಕೆಟ್. ಅಷ್ಟೇ. ಹತ್ತಿ ಬಟ್ಟೆ ಒಂದೂ ಬೇಡ, ಒದ್ದೆಯಾದರೆ ಬೇಗ ಒಣಗಲ್ಲ. ಟೆಂಟಿನಿಂದ ಹೊರಟಾಗ ಸ್ವಲ್ಪ ನಡುಗಿದರೂ ಪರವಾಗಿಲ್ಲ, ಸ್ವಲ್ಪ ಹೊತ್ತಿಗೆ ಮೈ ಬಿಸಿಯಾಗುತ್ತೆ. ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ ದಪ್ಪ ಡೌನ್ ಜಾಕೆಟ್ ಬ್ಯಾಗಿನ ಬಾಯಲ್ಲೇ ಇತ್ತು. ನಿಂತ ತಕ್ಷಣ ಎಲ್ಲದರ ಮೇಲೂ ಅದನ್ನೇ ಹಾಕಿಕೊಳ್ಳೋದು, ಚಳಿಯಾಗಲಿ ಅಂತ ಕಾಯೋದಲ್ಲ.

ಕೈಗೆ ತೆಳು ಗ್ಲೌಸು, ಅದರ ಮೇಲೆ ಬೆರಳೆಲ್ಲ ಒಟ್ಟಿಗಿರುವ ಮಿಟನ್. ಅದಕ್ಕೆ ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಂಡಿದ್ದೆ. ಗಾಳಿಗೆ ಹಾರಿಹೋದರೆ ಅಲ್ಲಿ ಯಾರು ತಂದುಕೊಡ್ತಾರೆ? ನೀರಿನ ಬಾಟಲಿ ತಲೆಕೆಳಗಾಗಿ ಇಟ್ಟಿದ್ದೆ, ಯಾಕಂದ್ರೆ ನೀರು ಮೇಲಿಂದ ಹೆಪ್ಪುಗಟ್ಟುತ್ತೆ, ಹಾಗಾಗಿ ಕೆಳಗಿರುವ ಮುಚ್ಚಳ ಸಿಕ್ಕಿಹಾಕಿಕೊಳ್ಳಲ್ಲ. ಬೂಟಿನ ಒಳಪದರ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೇ ಮಲಗಿತ್ತು.